ಯಾವ ಪಿಸ್ತೂಲು ಎಂದು ಕೇಳುವ ಮೊದಲು

‘ಸರ್, ಆತ್ಮರಕ್ಷಣೆಗ ಒಂದು ಪಿಸ್ತೂಲು ತಗೋಬೇಕಂತ ಮಾಡೀನಿ. ಯಾವುದು ಛಲೋ?’ ಆರ್.ಎಚ್. ಕ್ಯಾಂಪಿನಲ್ಲಿ ಭತ್ತದ ವ್ಯಾಪಾರ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಶ್ನೆ ಇದು. ಯಾವುದೂ ಬೇಡ ಎಂದೆ. ಅವನು ಒಪ್ಪಲಿಲ್ಲ. ಒಪ್ಪದವರು ಇನ್ನೂ ಹಲವರಿರುವುದರಿಂದ ನನ್ನ ವಾದವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲಿಗೆ, ಆಯ್ಕೆಯೆಂಬುದೇ ನಮ್ಮಲ್ಲಿ ಹೆಚ್ಚಿಲ್ಲ. ಸಿನಿಮಾದಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ಜಿಲ್ಲಾಧಿಕಾರಿಗಳು ಪರವಾನಗಿ ಕೊಟ್ಟರೂ ಬಹುಮಟ್ಟಿಗೆ ದಕ್ಕುವುದು .32 ಬೋರಿನ ರಿವಾಲ್ವರ್ ಇಲ್ಲವೇ ಪಿಸ್ತೂಲು. 2012ರ ದೆಹಲಿಯ ಬಸ್ಸಿನ ಘೋರ ಕೃತ್ಯದ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದೇ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋ. ಆಗಿನ ಬೆಲೆ 1 ಲಕ್ಷ 20 ಸಾವಿರ ರೂಪಾಯಿಗೂ ಮೇಲು! ರಾತ್ರಿ ಬಸ್ಸಿಗೆ ಕಾಯುವ ಹೆಣ್ಣುಮಗಳ ಕೈಗೆ ಅದು ಎಟುಕೀತೆಂದು ಲೆಕ್ಕ ಹಾಕಿದವರು ಯಾರೋ ಕಾಣೆ.

ಯಾವ ಪಿಸ್ತೂಲು ಎಂಬುದಕ್ಕಿಂತ, ಬೇಕಾದ ಗಳಿಗೆಯಲ್ಲಿ ಅದು ಎಲ್ಲಿರುತ್ತದೆ ಎಂದು ಕೇಳಿಕೊಳ್ಳಬೇಕು. 2015ರ ಆಗಸ್ಟ್ 30ರಂದು ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲಿಯೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಬೆಂಗಳೂರಿನ ಅವರ ಮನೆಯ ಮುಂದೆ ಕೊಂದರು. ಕಪಾಟಿನಲ್ಲಿ ರಿವಾಲ್ವರ್ ಇದ್ದಿದ್ದರೆ ಆಗುತ್ತಿದ್ದುದಾದರೂ ಏನು? ಬರುವವನಿಗೆ ವೇಳೆ ಗೊತ್ತು, ನಮಗೆ ಗೊತ್ತಿಲ್ಲ. ದರೋಡೆಯ ಮಾತೂ ಅಷ್ಟೇ. ಕಣ್ಣಿಗೆ ಖಾರದ ಪುಡಿ ಬಿದ್ದವನು ಸೊಂಟ ತಡಕಾಡುವಷ್ಟರಲ್ಲಿ ಹಣದ ಜೊತೆಗೆ ಆಯುಧವೂ ಕಳ್ಳನ ಪಾಲು. ಮನೆಯಲ್ಲಿ ಅದನ್ನು ಬೀಗದೊಳಗಿಟ್ಟರೆ ಅವಸರಕ್ಕೆ ಸಿಗದು. ಗುಂಡು ತುಂಬಿ ದಿಂಬಿನಡಿ ಇಟ್ಟರೆ ಮೊದಲು ಸಿಗುವುದು ಮಕ್ಕಳ ಕೈಗೆ.

ಅವನ ಬಲವಾದ ವಾದ ಬೇರೆಯೇ ಇತ್ತು. ‘ನಮ್ಮಜ್ಜನ ಕೈಯಾಗ ಏನೂ ಇದ್ದಿಲ್ಲ ಸರ್, ಅದಕ್ಕ ಓಡಿ ಬರಬೇಕಾತು.’ ಪೂರ್ವ ಪಾಕಿಸ್ತಾನದಿಂದ ಉಟ್ಟ ಬಟ್ಟೆಯಲ್ಲಿ ಬಂದವರ ಮೊಮ್ಮಗನ ಮಾತಿದು, ಹಗುರವಾಗಿ ತಳ್ಳಿಹಾಕಲಾಗದು. ಆದರೆ ಊರಿಗೆ ಊರೇ ಮೇಲೆ ಬಿದ್ದಾಗ, ರಾಜ್ಯವೂ ಮುಖ ತಿರುಗಿಸಿದಾಗ, ಆರು ಗುಂಡುಗಳಿಂದ ಒಂದು ಸಂಸಾರ ಎಷ್ಟು ಹೊತ್ತು ನಿಂತೀತು? ಆ ಹಿರಿಯರು ಇಲ್ಲಿ ಬೇರೂರಿದ್ದು ಭೂಮಿಯಿಂದ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ, ರೇಷನ್ ಕಾರ್ಡಿನಿಂದ, ಶಾಲೆಯಿಂದ. ಇಂದು ಭಯವಿದ್ದರೆ ರಕ್ಷಣೆಯನ್ನು ಸರ್ಕಾರದಿಂದ ಹಕ್ಕಾಗಿ ಕೇಳಬೇಕು. ಲಕ್ಷ ಕೊಟ್ಟು ವ್ಯಾಪಾರಸ್ಥ ತನ್ನದನ್ನು ಕೊಂಡುಕೊಂಡರೆ ಅವನ ಗದ್ದೆಯಲ್ಲಿ ನಾಟಿ ಮಾಡುವ ಕೂಲಿಯವಳ ಗತಿಯೇನು?

ಇನ್ನೊಂದು ತಮಾಷೆ. ಚುನಾವಣೆ ಘೋಷಣೆಯಾದೊಡನೆ ಪರವಾನಗಿಯ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವುದು ವಾಡಿಕೆ. ಊರಲ್ಲಿ ಜಗಳ ಹೊತ್ತುವ ದಿನಗಳಲ್ಲೇ ನಿಮ್ಮ ‘ರಕ್ಷಕ’ ಪೊಲೀಸರ ರಕ್ಷಣೆಯಲ್ಲಿರುತ್ತಾನೆ!

ಕೊಡಗಿನ ಕೋವಿಯನ್ನು ಉದಾಹರಿಸುವವರೂ ಇದ್ದಾರೆ. ಅದು ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಮನೆತನದ ವಸ್ತು. ಸೊಂಟಕ್ಕೆ ಸಿಕ್ಕಿಸಿಕೊಂಡು ಬಜಾರಿನಲ್ಲಿ ತೋರಿಸುವ ರಿವಾಲ್ವರಿಗೂ ಅದಕ್ಕೂ ಏನು ಸಂಬಂಧ? ಇನ್ನು ಗುಂಡು ಹಾರಿಸಿದ ಮೇಲಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅಗತ್ಯಕ್ಕೆ ಮೀರಿದ ಹಾನಿಗೆ ಅಪ್ಪಣೆ ಕೊಡುವುದಿಲ್ಲ. ಕತ್ತಲಲ್ಲಿ, ಕ್ಷಣಾರ್ಧದಲ್ಲಿ ಅಗತ್ಯವೆಷ್ಟೆಂದು ಅಳೆಯಬೇಕಾದವರು ನೀವು. ವರ್ಷಗಟ್ಟಲೆ ಬಿಡುವಾಗಿ ಕುಳಿತು ಅದನ್ನು ಅಳೆಯುವುದು ನ್ಯಾಯಾಲಯ.

ಸುಗ್ಗಿಯ ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿ ಮಾಡಿರಿ. ನಗದು ಒಯ್ಯಲೇಬೇಕಾದರೆ ಹಗಲಿನಲ್ಲಿ, ಇಬ್ಬರು ಜೊತೆಯಾಗಿ ಹೋಗಿರಿ. ಬೀದಿದೀಪಕ್ಕೂ ರಾತ್ರಿ ಗಸ್ತಿಗೂ ಅರ್ಜಿ ಬರೆಯಿರಿ. ಅದರಲ್ಲಿ ವ್ಯಾಪಾರಸ್ಥರ ಸಹಿಯೊಡನೆ ಕೂಲಿಕಾರರ ಹೆಬ್ಬೆಟ್ಟೂ ಇರಲಿ.