ಚಿತ್ರದಲ್ಲಿ ಕಾಣದ ಬೇನೆ

ಉಪಕರಣಕ್ಕೆ ಗೋಚರವಾಗದ ವಸ್ತು ಇಲ್ಲವೇ ಇಲ್ಲವೆಂದು ನಂಬುವುದು ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ಭ್ರಮೆ. ಪ್ರಯೋಗಶಾಲೆಯಲ್ಲಿ ಇದರಿಂದ ಹೆಚ್ಚೆಂದರೆ ಕೆಲವು ಅಂಕಗಳು ನಷ್ಟವಾಗುವುವು. ರೋಗಿಯ ವಿಷಯದಲ್ಲಾದರೋ ಪ್ರಾಣಕ್ಕೇ ಸಂಚಕಾರ ಬರಬಹುದು. ತಲೆಬುರುಡೆಯ ತಳದ ಎಲುಬಿಗೆ ತಗಲುವ ಸೋಂಕು ಇದಕ್ಕೆ ತಕ್ಕ ನಿದರ್ಶನ. ವೈದ್ಯರ ಈ ವಿಷಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೇನು ಕೆಲಸವೆಂದು ವಾಚಕರು ಕೇಳಬಹುದು. ಈ ರೋಗವನ್ನು ಚಿತ್ರದಲ್ಲಿ ತೋರಿಸುವ ಯಂತ್ರಗಳೆಲ್ಲವೂ ಭೌತಶಾಸ್ತ್ರದ ಕೊಡುಗೆ. ಅವುಗಳ ಮಿತಿಯನ್ನು ತಿಳಿಸುವ ಹೊಣೆಯೂ ಅದಕ್ಕೆ ಸೇರಿದ್ದೆಂದು ನಾವು ಭಾವಿಸುತ್ತೇವೆ.

ಮಿದುಳಿಗೆ ಆಧಾರವಾಗಿರುವ ಎಲುಬಿನ ನೆಲಗಟ್ಟೇ ಬುರುಡೆಯ ತಳ. ಮಿದುಳಿನಿಂದ ಹೊರಡುವ ನರಗಳೂ ಅದಕ್ಕೆ ರಕ್ತವನ್ನೊಯ್ಯುವ ನಾಳಗಳೂ ಈ ಎಲುಬಿನ ರಂಧ್ರಗಳ ಮೂಲಕವೇ ಹಾಯುತ್ತವೆ. ಸೋಂಕು ಬಹುಮಟ್ಟಿಗೆ ಹೊರಕಿವಿಯ ನಾಳದಲ್ಲಿ ಮೊದಲಾಗುತ್ತದೆ. ಆ ನಾಳದ ಹೊರಭಾಗ ಮೃದ್ವಸ್ಥಿಯಿಂದಾದುದು, ಒಳಭಾಗ ಎಲುಬಿನದು. ಮೃದ್ವಸ್ಥಿಯಲ್ಲಿರುವ ಸಣ್ಣ ಸೀಳುಗಳಲ್ಲಿ ನುಸುಳಿ ರೋಗಾಣುಗಳು ಬುರುಡೆಯ ತಳವನ್ನು ಮುಟ್ಟುತ್ತವೆ. ಇವುಗಳಲ್ಲಿ ಮುಖ್ಯವಾದುದು ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ. ಕೆಲವರಲ್ಲಿ ಶಿಲೀಂಧ್ರವೂ ಕಾರಣವಾಗಬಹುದು. 2021ರಲ್ಲಿ ಕೋವಿಡ್ಡಿನ ಬೆನ್ನಿಗೇ ಕರ್ನಾಟಕದಲ್ಲಿಯೂ ಕಾಣಿಸಿಕೊಂಡ ‘ಕಪ್ಪು ಶಿಲೀಂಧ್ರ’ ಮೂಗಿನ ಹಾದಿಯಾಗಿ ಮುಖದ ಮತ್ತು ಬುರುಡೆಯ ಎಲುಬುಗಳನ್ನು ಕೆಡಿಸಿದುದನ್ನು ವಾಚಕರು ಮರೆತಿರಲಾರರು.

ಕಿವಿಯಿಂದ ಇಳಿಯುವ ಈ ಸೋಂಕಿಗೆ ಹೆಚ್ಚಾಗಿ ತುತ್ತಾಗುವವರು ಮಧುಮೇಹವಿರುವ ವೃದ್ಧರು. ಅವರ ಸಣ್ಣ ರಕ್ತನಾಳಗಳು ಕ್ಷೀಣಿಸಿರುತ್ತವೆ. ರೋಗಾಣುಗಳನ್ನು ಎದುರಿಸುವ ಬಿಳಿಯ ರಕ್ತಕಣಗಳ ಶಕ್ತಿಯೂ ಕುಂದಿರುತ್ತದೆ. 1968ರಲ್ಲಿ ಅಮೆರಿಕದ ವೈದ್ಯರಾದ ಚಾಂಡ್ಲರ್ ಅವರು ಇಂತಹ 13 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಇದು ಅರ್ಬುದವಲ್ಲ, ಆದರೂ ಅದರ ಕ್ರೌರ್ಯವನ್ನು ಕಂಡು, ಅರ್ಬುದಕ್ಕೆ ಹೇಳುವ ‘ಮಾರಕ’ ಎಂಬ ವಿಶೇಷಣವನ್ನೇ ಅವರು ಇದಕ್ಕೂ ಕೊಟ್ಟರು.

ಈ ರೋಗದ ಮೊದಲ ಸೂಚನೆ ಕಿವಿನೋವು. ರಾತ್ರಿಯ ಹೊತ್ತು ಅದು ಉಲ್ಬಣಿಸುತ್ತದೆ. ಕಿವಿಗೆ ಹಾಕುವ ಹನಿಮದ್ದಿಗೆ ಬಗ್ಗುವುದಿಲ್ಲ. ಕಿವಿ ಸೋರುವುದೂ ಉಂಟು. ಸೋಂಕು ನರಗಳನ್ನು ತಲಪಿದಾಗ ಮುಖದ ಒಂದು ಪಕ್ಕ ಜೋಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಧ್ವನಿ ಒಡೆಯುತ್ತದೆ. ಅಷ್ಟುಹೊತ್ತಿಗೆ ಬಹಳ ತಡವಾಗಿರುತ್ತದೆ.

ಹಾಗಾದರೆ ಮೊದಲೇ ಚಿತ್ರ ತೆಗೆದು ನೋಡಬಾರದೇಕೆ? ಇಲ್ಲಿಯೇ ಭೌತಶಾಸ್ತ್ರದ ಮಾತು ಬರುವುದು. ಕ್ಷ-ಕಿರಣಗಳನ್ನು ತಡೆಯುವುದು ಎಲುಬಿನಲ್ಲಿರುವ ಕ್ಯಾಲ್ಸಿಯಂ. ಆ ಖನಿಜದ ಸುಮಾರು ಮೂರನೆಯ ಒಂದು ಭಾಗವಾದರೂ ಕರಗುವವರೆಗೆ ಸಾಧಾರಣ ಕ್ಷ-ಕಿರಣ ಚಿತ್ರದಲ್ಲಿ ವ್ಯತ್ಯಾಸ ತೋರುವುದಿಲ್ಲ. ಸಿ.ಟಿ. ಯಂತ್ರ ಇದಕ್ಕಿಂತ ಸೂಕ್ಷ್ಮವಾದರೂ ಅದರ ತತ್ವವೂ ಇದೇ. ಎಂ.ಆರ್.ಐ. ಯಂತ್ರವು ನೀರಿನಲ್ಲಿರುವ ಹೈಡ್ರೊಜನ್ ಬೀಜಗಳ ಸಂಕೇತವನ್ನು ಗ್ರಹಿಸುವುದರಿಂದ ಮಜ್ಜೆ ಮತ್ತು ಮೃದುಭಾಗಗಳ ಊತವನ್ನು ಚೆನ್ನಾಗಿ ತೋರಿಸುತ್ತದೆ.

ವಿಕಿರಣಶೀಲ ಧಾತುಗಳ ಕಥೆ ಇನ್ನೂ ಸ್ವಾರಸ್ಯವಾಗಿದೆ. 6 ಗಂಟೆಗಳ ಅರ್ಧಾಯುಷ್ಯವುಳ್ಳ ಟೆಕ್ನೀಷಿಯಂ-99ಎಂ ಅನ್ನು ತಕ್ಕ ಫಾಸ್ಫೇಟ್ ಸಂಯುಕ್ತದೊಡನೆ ರಕ್ತಕ್ಕೆ ಸೇರಿಸಿದರೆ, ಎಲುಬು ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಕಡೆ ಅದು ಹೆಚ್ಚಾಗಿ ಸೇರುತ್ತದೆ. ಗ್ಯಾಮಾ ಕ್ಯಾಮರಾ ಅದನ್ನು ಬೇಗನೆ ಗುರುತಿಸುತ್ತದೆ. ಆದರೆ ಸೋಂಕು ನೀಗಿದ ಮೇಲೆಯೂ ಎಲುಬಿನ ರಿಪೇರಿ ತಿಂಗಳುಗಟ್ಟಲೆ ನಡೆಯುವುದರಿಂದ ಚಿತ್ರ ಬೆಳಗುತ್ತಲೇ ಇರುತ್ತದೆ. ಉರಿಯೂತವಿರುವಲ್ಲಿ ಶೇಖರವಾಗುವ ಗ್ಯಾಲಿಯಂ-67 ರೋಗ ಇಳಿದಂತೆ ಮಂಕಾಗುವುದರಿಂದ, ಗುಣವನ್ನು ಅಳೆಯಲು ಅದನ್ನು ಬಳಸುತ್ತ ಬಂದಿದ್ದಾರೆ. ಮೊದಲನೆಯ ಯಂತ್ರ ಖನಿಜವನ್ನು ಕಾಣುತ್ತದೆ, ಎರಡನೆಯದು ನೀರನ್ನು, ಮೂರನೆಯದು ರಿಪೇರಿಯನ್ನು. ರೋಗಾಣುವಿನ ಹೆಸರನ್ನು ಇವುಗಳಲ್ಲಿ ಒಂದೂ ಹೇಳದು. ಅದಕ್ಕೆ ಕೀವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಬೇಕು. ಅರ್ಬುದವೂ ಇದೇ ವೇಷದಲ್ಲಿ ಬರಬಹುದಾದ್ದರಿಂದ ಊತಕದ ಚೂರನ್ನು ಸೂಕ್ಷ್ಮದರ್ಶಕದಲ್ಲಿಯೂ ಪರೀಕ್ಷಿಸಬೇಕು.

ಚಿಕಿತ್ಸೆಯಲ್ಲಿಯೂ ಇದೇ ಭ್ರಮೆ ಎದುರಾಗುತ್ತದೆ. ರಕ್ತಸಂಚಾರ ಕೆಟ್ಟಿರುವ ಎಲುಬಿನೊಳಕ್ಕೆ ಔಷಧ ಕಷ್ಟದಿಂದ ಸೇರುತ್ತದೆ. ಆದುದರಿಂದ ಆಂಟಿಬಯಾಟಿಕ್‌ಗಳನ್ನು ಸಾಮಾನ್ಯವಾಗಿ 6 ವಾರಗಳಾದರೂ, ಹಲವು ಸಲ ಇನ್ನೂ ಹೆಚ್ಚು ಕಾಲ, ಕೊಡಬೇಕಾಗುತ್ತದೆ. ಜೊತೆಗೆ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡಬೇಕು. ನರಗಳೂ ರಕ್ತನಾಳಗಳೂ ಒತ್ತೊತ್ತಾಗಿರುವ ಈ ಎಡೆಯಲ್ಲಿ ಶಸ್ತ್ರಚಿಕಿತ್ಸೆಗೆ ಅವಕಾಶ ಕಡಮೆ. ನೋವು ರೋಗಕ್ಕಿಂತ ಮೊದಲೇ ತಗ್ಗಬಹುದು. ಆಗ ರೋಗಿ ಮಾತ್ರೆಯನ್ನು ಬಿಡುತ್ತಾನೆ; ಅಡಗಿದ್ದ ಸೋಂಕು ಮರಳಿ ತಲೆಯೆತ್ತುತ್ತದೆ. 1980ರ ದಶಕದಲ್ಲಿ ಬಳಕೆಗೆ ಬಂದ ಸಿಪ್ರೊಫ್ಲಾಕ್ಸಸಿನ್ ಬಾಯಿಂದ ನುಂಗಬಹುದಾದ ಒಳ್ಳೆಯ ಅಸ್ತ್ರವಾಗಿತ್ತು. ಕಂಡಕಂಡಲ್ಲಿ ಅದನ್ನು ಬಳಸಿದುದರಿಂದ ಇಂದು ಅನೇಕ ರೋಗಾಣುಗಳು ಅದಕ್ಕೆ ಜಗ್ಗವು.

ದೊಡ್ಡ ಯಂತ್ರಗಳು ದೊಡ್ಡ ಊರುಗಳಲ್ಲಿವೆ, ಹಳ್ಳಿಯವರೇನು ಮಾಡಬೇಕೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಈ ರೋಗದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದುದು ಸಂಶಯ. ಅದಕ್ಕೆ ಕಾಸು ಖರ್ಚಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜನೋ ಅಜ್ಜಿಯೋ ವಾರಗಟ್ಟಲೆ ಕಿವಿನೋವಿನಿಂದ ರಾತ್ರಿ ನಿದ್ದೆಗೆಡುತ್ತಿದ್ದರೆ, ಬಿಸಿ ಎಣ್ಣೆ ಹೊಯ್ಯುವುದನ್ನೂ ಕಡ್ಡಿಯಿಂದ ಗುಗ್ಗೆ ತೆಗೆಯುವುದನ್ನೂ ನಿಲ್ಲಿಸಿ ಕಿವಿಯ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮೊದಲ ಚಿತ್ರ ಚೆನ್ನಾಗಿಯೇ ಇದೆಯೆಂದರೂ ನೋವು ಮುಂದುವರಿದರೆ ಮತ್ತೊಮ್ಮೆ ಹೋಗಬೇಕು. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಕ್ಕಳು ಈ ಕೆಲಸವನ್ನು ವಹಿಸಿಕೊಳ್ಳಬಲ್ಲರು. ಈ ಯಂತ್ರ ಅಳೆಯುವುದೇನು, ಯಾವುದು ಇದಕ್ಕೆ ಕಾಣದು ಎಂದು ವೈದ್ಯರನ್ನು ವಿನಯದಿಂದ ಕೇಳಲು ಅವರು ಹಿಂಜರಿಯಬೇಕಾಗಿಲ್ಲ. ತರಗತಿಯಲ್ಲಿ ನಾವು ಕಲಿಸುವ ಅರ್ಧಾಯುಷ್ಯದ ಲೆಕ್ಕ ಪರೀಕ್ಷೆಯ ಮರುದಿನವೇ ಮರೆತುಹೋದರೂ ಚಿಂತೆಯಿಲ್ಲ. ಈ ಪ್ರಶ್ನೆಯೊಂದು ನೆನಪಿನಲ್ಲುಳಿದರೆ ನಮಗೆ ತೃಪ್ತಿ.