ಅರುಂಧತಿ ದರ್ಶನ

ಮದುವೆಯ ದಿನ ನಡುಮಧ್ಯಾಹ್ನದಲ್ಲಿ ಆಕಾಶದತ್ತ ಬೆರಳೆತ್ತಿ, ‘ಅಗೋ ಅರುಂಧತಿ’ ಎಂದು ತೋರಿಸುವುದನ್ನೂ, ವಧೂವರರು ಕಂಡವರಂತೆ ತಲೆಯಾಡಿಸುವುದನ್ನೂ ಓದುಗ ಬಂಧುಗಳು ನೋಡಿರಬಹುದು. ಕಾಣದ್ದನ್ನು ಕಂಡೆವೆಂದು ಹೇಳಿ ಸಂಸಾರಕ್ಕೆ ಕಾಲಿಡುವುದು ನನಗೆಂದೂ ಒಪ್ಪಿಗೆಯಾಗಿಲ್ಲ.

ಮಠದ ಪಾಠಶಾಲೆಯಲ್ಲಿ ತರ್ಕವನ್ನು ಹೇಳುತ್ತಿದ್ದ ನಮ್ಮ ಗುರುಗಳು ಅರುಂಧತೀ ನ್ಯಾಯವನ್ನು ರಾತ್ರಿ ಅಂಗಳದಲ್ಲಿಯೇ ಕಲಿಸಿದರು. ಮೊದಲು ಸಪ್ತರ್ಷಿ ಮಂಡಲ, ಅದರ ಬಾಲದ ನಡುವಿನ ವಸಿಷ್ಠ, ಅನಂತರ ಅವನ ಮಗ್ಗುಲಿನ ಸೂಕ್ಷ್ಮ ಚುಕ್ಕೆ. ಸ್ಥೂಲದಿಂದ ಸೂಕ್ಷ್ಮಕ್ಕೆ ಕೈಹಿಡಿದು ಒಯ್ಯುವುದೇ ಆ ನ್ಯಾಯ. ಈಗ ಕಣ್ಣಿಗೆ ಪೊರೆ ಬಂದು, ಎರಡು ವರ್ಷಗಳಿಂದ ಆ ಚುಕ್ಕೆ ನನಗೆ ಕಾಣದು. ಅರುಂಧತಿ ಕಾಣದವನ ಆಯುಷ್ಯ ತೀರಿತೆಂಬುದು ಹಳೆಯ ನಂಬಿಕೆ. ಶಕುನಗಳಿಗೆ ಅಂಜಬೇಡಿರೆಂದು ಇದೇ ಪುಟದಲ್ಲಿ ಬರೆದವನು ನಾನು. ಆದರೂ ರಾತ್ರಿ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟಿದ್ದೆನೆಂಬುದನ್ನು ಮುಚ್ಚಿಡಲಾರೆ.

ಕಳೆದ ವೈಶಾಖದಲ್ಲಿ ಧಾರವಾಡದ ನಮ್ಮ ಓಣಿಯ ವಿದ್ಯಾರ್ಥಿಯೊಬ್ಬನು ‘ಅಜ್ಜಾರ, ಮಾಳಿಗಿ ಮ್ಯಾಲ ಬರ್ರಿ’ ಎಂದು ಕರೆದನು. ಅವನಲ್ಲಿದ್ದುದು ಸೀಸ್ಟಾರ್ ಎಸ್50 ಎಂಬ ಸ್ಮಾರ್ಟ್ ಟೆಲಿಸ್ಕೋಪ್. ಕಣ್ಣಿಟ್ಟು ನೋಡುವ ಕೊಳವೆಯೇ ಅದಕ್ಕಿಲ್ಲ. 50 ಮಿಲಿಮೀಟರ್ ಮಸೂರದ ಹಿಂದೆ ಕ್ಯಾಮೆರಾ. ಚಿತ್ರ ಬರುವುದು ಮೊಬೈಲಿಗೆ. ನಕ್ಷತ್ರದ ಹೆಸರನ್ನು ಒತ್ತಿದರೆ ಸಾಕು, ತಾನು ತೆಗೆದ ಚಿತ್ರವನ್ನು ನಕ್ಷೆಯೊಡನೆ ಹೋಲಿಸಿ ತಾನೇ ತಿರುಗಿ ನಿಲ್ಲುತ್ತದೆ. ಗುರುಗಳ ನ್ಯಾಯದ ಗೊಡವೆಯೇ ಅದಕ್ಕಿಲ್ಲವೆಂದು ನನಗೆ ತುಸು ಖೇದವಾಯಿತು. ಹುಬ್ಬಳ್ಳಿಯ ದೀಪಗಳ ಬೆಳಕು ಆಗ್ನೇಯಕ್ಕಿತ್ತು. ಸಪ್ತರ್ಷಿಗಳು ಉತ್ತರದಲ್ಲಿ ಎತ್ತರಕ್ಕೆ ಏರಿದ್ದರು.

ಮೊದಲ ಚಿತ್ರದಲ್ಲಿ ವಸಿಷ್ಠನು ಬರಿಯ ಬಿಳಿಯ ಉಂಡೆ. ಮಂದ ನೀಹಾರಿಕೆಗಳಿಗೆ ಬೇಕಾಗುವ 10 ಸೆಕೆಂಡು ಅಂಥ ಪ್ರಖರ ತಾರೆಗೆ ಅತಿಯಾಯಿತು. ಹುಡುಗನು ಅವಧಿಯನ್ನು ಸೆಕೆಂಡಿನ ಸಣ್ಣ ಅಂಶಕ್ಕಿಳಿಸಿದಾಗ ಉಂಡೆಯು ಎರಡಾಗಿ ಬೇರ್ಪಟ್ಟಿತು. ಅರುಂಧತಿ ವಸಿಷ್ಠನಿಂದ ಸುಮಾರು 12 ಕಲೆಗಳ ದೂರದಲ್ಲಿ, ಚಿತ್ರದಲ್ಲಿ ಮುನ್ನೂರು ಪಿಕ್ಸೆಲುಗಳಾಚೆ ಕುಳಿತಿದ್ದಳು; ವಸಿಷ್ಠನೊಳಗಿನ ಜೋಡಿಯ ನಡುವೆ 14 ವಿಕಲೆ ಮಾತ್ರ, ಅಂದರೆ ಆರು ಪಿಕ್ಸೆಲು.

ವಸಿಷ್ಠನೇ ಜೋಡಿಯೆಂಬುದನ್ನು 1617ರಲ್ಲಿ ಗೆಲಿಲಿಯೋನ ಶಿಷ್ಯ ಕಾಸ್ಟೆಲ್ಲಿ ಗುರುತಿಸಿದ್ದನು. 1857ರಲ್ಲಿ ಅಮೇರಿಕೆಯ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಜಾರ್ಜ್ ಬಾಂಡ್ ಗಾಜಿನ ಫಲಕದ ಮೇಲೆ ಅದರ ಛಾಯಾಚಿತ್ರವನ್ನು ಹಿಡಿದನು; ಜೋಡಿ ನಕ್ಷತ್ರದ ಮೊದಲ ಛಾಯಾಚಿತ್ರ ಅದು. ಆ ಎರಡೂ ಮತ್ತೆ ಒಂದೊಂದು ಜೋಡಿಯೆಂದು ರೋಹಿತದ ಪರೀಕ್ಷೆ ತಿಳಿಸಿತು. 2009ರಲ್ಲಿ ಅರುಂಧತಿಗೂ ಮಂದವಾದ ಒಂದು ಸಂಗಾತಿ ಪತ್ತೆಯಾಯಿತು. ಹೀಗೆ ನಾವು ಇಬ್ಬರೆಂದು ತೋರಿಸುವ ಆ ದಾಂಪತ್ಯದಲ್ಲಿ ಒಟ್ಟು ಆರು ಸೂರ್ಯರು! ಪುರಾಣಿಕರಿಗೆ ಇದನ್ನು ಹೇಗೆ ವಿವರಿಸುವುದೋ ನಾನರಿಯೆ. ಬಾನಿನಲ್ಲಿ ಅವು ಒಂದೇ ದಿಕ್ಕಿಗೆ ಜೊತೆಯಾಗಿ ಸಾಗುತ್ತಿವೆ. ಸುಮಾರು 80 ಜ್ಯೋತಿರ್ವರ್ಷಗಳ ದೂರ; ನಾನು ಹುಟ್ಟುವ ಮೊದಲೇ ಹೊರಟ ಬೆಳಕದು.

ಮೊಬೈಲಿನಲ್ಲಿ ಅರುಂಧತಿಯನ್ನು ಬಹು ಹೊತ್ತು ನೋಡಿದೆನು. ತಲೆಯೆತ್ತಿದರೆ ಆಕಾಶದಲ್ಲಿ ವಸಿಷ್ಠನೊಬ್ಬನೇ, ಅವನೂ ಮಸುಕಾಗಿ. ಪೊರೆಯನ್ನು ತೆಗೆಸಿಕೊಳ್ಳಿರೆಂದು ಮನೆಯವರು ವರ್ಷದಿಂದ ಹೇಳುತ್ತಿದ್ದರು. ಮರುದಿನ ಬೆಳಿಗ್ಗೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಸಿಕೊಂಡು ಬಂದೆನು.