ನಮ್ಮನೆ ಚೊಂಬಲ್ಲಿ ಎಷ್ಟು?

ಹೋದ ಭಾನುವಾರ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಗೆಂದು ನಿಂತಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ. ಮೊಮ್ಮಗುವಿಗೆ ರಾತ್ರಿಯಿಂದ ಭೇದಿಯಂತೆ. ಅಂಗಡಿಯ ಹುಡುಗ ಓಆರ್‌ಎಸ್ ಪೊಟ್ಟಣ ಕೊಟ್ಟು, 'ಒಂದ್ ಲೀಟರ್ ನೀರಿಗೆ ಪೂರ್ತಿ ಹಾಕಿ ಅಜ್ಜಿ' ಅಂದ. ಅಜ್ಜಿ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಲೀಟರ್ ಅಂದ್ರೆ ನಮ್ಮನೆ ಚೊಂಬಲ್ಲಿ ಎಷ್ಟಪ್ಪಾ?' ಎಂದರು. ಹುಡುಗ ನಕ್ಕ. ಹಿಂದಿದ್ದವರು ನನ್ನ ಹೆಗಲ ಮೇಲಿಂದ ಚೀಟಿ ಚಾಚಿದರು. ಅಜ್ಜಿ ಹೊರಟುಹೋದರು.

ಪಾವು, ಚಟಾಕಿನಂಥ ಹಳೆಯ ಅಳತೆಗಳ ಸುದ್ದಿ ಇನ್ನು ಎತ್ತುವುದಿಲ್ಲ ಎಂದು ಈ ಅಂಕಣದಲ್ಲೇ ಮಾತು ಕೊಟ್ಟಿದ್ದೆ. ಕೊಳಗದ ಬಗ್ಗೆ ಬರೆದಾಗ ಬಂದ ಕಾಗದಗಳ ಏಟು ಇನ್ನೂ ಆರಿಲ್ಲ. ಆದರೆ ಅಜ್ಜಿಯ ಪ್ರಶ್ನೆ ಆ ಮಾತನ್ನು ಮುರಿಸಿದೆ; ತಪ್ಪು ಅವರದು.

ಪೊಟ್ಟಣದಲ್ಲಿರುವುದು 20.5 ಗ್ರಾಂ ಪುಡಿ. ಅದರಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಮಿಕ್ಕಿದ್ದು ಬೇರೆ ಎರಡು ಲವಣ. ಕರುಳಿನಲ್ಲಿ ಸಕ್ಕರೆ ಉಪ್ಪಿನ ಕೈ ಹಿಡಿದು ಒಳಗೆ ಹೋಗುತ್ತದೆ, ನೀರು ಅವುಗಳ ಬೆನ್ನಿಗೆ ಬೀಳುತ್ತದೆ. ಇಷ್ಟೇ ಗುಟ್ಟು. ಆದರೆ ಆ ಪುಡಿಯನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಕೊಡಪಾನಕ್ಕೆ ಸುರಿದರೆ ಕುಡಿಸಿಯೂ ದಂಡ. ಹಾಗಾಗಿ ಚೊಂಬಿನ ಪ್ರಶ್ನೆ ನಗುವ ಪ್ರಶ್ನೆಯಲ್ಲ. 'ಎರಡು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಹಿಡಿಯುವಷ್ಟು' ಎಂದಿದ್ದರೆ ಮುಗಿಯುತ್ತಿತ್ತು. (ಅದೂ ಪೂರ್ತಿ ಭದ್ರವಲ್ಲ ಅನ್ನಿ. 2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರ್ 550 ಮಿಲಿ ಆಯಿತು, ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಇಳಿಯಿತು.)

ಇದೇ ತೊಡಕನ್ನು ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ ಬಿಡಿಸಿದ ರೀತಿ ನನಗೆ ಬಹಳ ಇಷ್ಟ. 1979ರಲ್ಲಿ ಸಿಲ್ಹೆಟ್ ಕಡೆಯ ಸುಲ್ಲಾದಲ್ಲಿ ಪ್ರಯೋಗ, 1980ರಿಂದ ಹತ್ತು ವರ್ಷ ಮನೆಮನೆ ತಿರುಗಾಟ, ಮುಟ್ಟಿದ್ದು 1.2 ಕೋಟಿಗೂ ಹೆಚ್ಚು ಮನೆ. ಹಳ್ಳಿಗಳಲ್ಲಿ ಪೊಟ್ಟಣವೂ ಸಿಗದ, ತಾಯಂದಿರಲ್ಲಿ ಬಹುಪಾಲು ಜನಕ್ಕೆ ಓದೂ ಬಾರದ ಕಾಲ. ಅವರು ಹುಡುಕಿಕೊಂಡ ಅಳತೆ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಉಪ್ಪು ತೋರುಬೆರಳಿನ ಮೊದಲ ಗೆರೆಯವರೆಗೆ. ಬೆರಳೇ ತಕ್ಕಡಿ! ಬಂಗಾಳಿಯ ಚಿಮ್ಟಿ ನಮ್ಮ ಚಿಮಟದ ನಂಟಿನದು. ಅವರ ಮುಠಿ ನಮ್ಮ ಮುಷ್ಟಿ. ಸೇರು ಮಾತ್ರ ನಂಬುವ ಆಸಾಮಿಯಲ್ಲ. ಅಲ್ಲಿ ಅದು 80 ತೊಲದ ತೂಕ. ನಮ್ಮಲ್ಲಿ ತೂಕವೂ ಹೌದು, ಅಳೆಯುವ ಪಾತ್ರೆಯೂ ಹೌದು. ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ. ಚಿಟಿಕೆಯಾದರೂ ಏನು ಕಡಿಮೆ? ಕುಂಕುಮದ ಚಿಟಿಕೆಗೆ ಎರಡು ಬೆರಳು, ಅರಿಸಿನಕ್ಕೆ ಎರಡೂವರೆ, ಸಾರಿನ ಉಪ್ಪಿಗೆ ಮೂರು. ಅದಕ್ಕೇ ಬ್ರ್ಯಾಕಿನವರು ತಾಯಂದಿರ ಕೈಯಲ್ಲೇ ಮಾಡಿಸಿ, ಆ ನೀರನ್ನು ಒಯ್ದು ಉಪ್ಪಿನಂಶ ಪರೀಕ್ಷಿಸಿ ನೋಡಿದ್ದು.

ನಮ್ಮ ಕರಪತ್ರಗಳೋ! 'ಸೂಚಿತ ಪ್ರಮಾಣದ ಶುದ್ಧೀಕೃತ ಜಲದಲ್ಲಿ ಪುನರ್ಜಲೀಕರಣ ದ್ರಾವಣವನ್ನು ಸಿದ್ಧಪಡಿಸತಕ್ಕದ್ದು' ಎಂಬ ಧಾಟಿ. ಇದನ್ನು ಬರೆದವರ ಮನೆಯಲ್ಲಿ ಯಾರಿಗೂ ಹೊಟ್ಟೆ ಕೆಡುವುದಿಲ್ಲವೆ? ಕೆಟ್ಟರೂ ಅವರಿಗೆ ಅತಿಸಾರವೇ ಆಗುತ್ತದೇನೋ.

ಇಲ್ಲಿಗೆ ಬರುವ ಹೊತ್ತಿಗೆ ನನ್ನ ತೀರ್ಪು ಸಿದ್ಧವಿತ್ತು: ಅಳತೆ ಸರಿಮಾಡಿ, ಭಾಷೆ ಸರಿಮಾಡಿ, ವಿಷಯ ತಾನಾಗಿ ಮನೆ ಸೇರುತ್ತದೆ. ಆದರೆ ಬ್ರ್ಯಾಕಿನ ಕಥೆಯ ಮುಂದಿನ ಭಾಗ ಆ ತೀರ್ಪಿಗೆ ಒಗ್ಗುವುದಿಲ್ಲ. ಕಲಿಸಿ ಕೆಲವು ವಾರವಾದ ಮೇಲೆ ಬೇರೆಯವರು ಹೋಗಿ ತಾಯಂದಿರನ್ನು ವಿಚಾರಿಸುತ್ತಿದ್ದರು. ಅವರಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಬಳ. (ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಒಂದೇ ಒಂದು ತಿಂಗಳು ಮಾಡಿ ನೋಡಬೇಕು.) ನೆನಪೇನೋ ಚೆನ್ನಾಗಿಯೇ ಉಳಿದಿತ್ತು. ಮಗುವಿಗೆ ಭೇದಿಯಾದಾಗ ಮಾಡಿ ಕುಡಿಸಿದವರು ಮಾತ್ರ ತೀರ ಕಡಿಮೆ.

ಏಕೆಂದು ಕೆದಕಿದಾಗ ಮೊದಲು ಸಿಕ್ಕಿದ್ದು ನನ್ನಂಥವನಿಗೆ ಹಬ್ಬ. ಡಾಕ್ಟರು ಒಂದೇ ಹೆಸರಲ್ಲಿ ಕರೆಯುವುದನ್ನು ಆ ತಾಯಂದಿರು ನಾಲ್ಕಾಗಿ ವಿಂಗಡಿಸುತ್ತಿದ್ದರು. ಹಾಲು ಕುಡಿಯುವ ಕೂಸಿನದು ದೂದ್ ಹಾಗಾ, ತಿಂದದ್ದು ಒಗ್ಗದಿದ್ದರೆ ಅಜೀರ್ಣ, ಆಮ ಬಿದ್ದರೆ ಆಮಾಶಾ, ನೀರಿನಂತೆ ಹೋಗಿ ಕಣ್ಣು ಗುಳಿಬಿದ್ದರೆ ಮಾತ್ರ ಡೈರಿಯಾ. ಕಲಿಸಿದವರು ಡೈರಿಯಾ ಎಂದರು. ತಾಯಂದಿರು ಡೈರಿಯಾಕ್ಕೆ ಮಾತ್ರ ಮಾಡಿ ಕುಡಿಸಿದರು. ಅದರಲ್ಲಿ ತಪ್ಪೇನಿದೆ? ನಮ್ಮಲ್ಲೂ ಆಮಶಂಕೆ ಬೇರೆ, ಅಜೀರ್ಣ ಬೇರೆ, ಹಲ್ಲು ಬರುವಾಗಿನ ಭೇದಿ ಬೇರೆ. ಇನ್ನು ವಾಂತಿಭೇದಿ ಎಂದರೆ ನನ್ನ ಅಜ್ಜಿಯ ಬಾಯಲ್ಲಿ ಕಾಲರಾ ಒಂದೇ. ಆ ಮಾತನ್ನು ಅವರು ದನಿ ತಗ್ಗಿಸಿ ಆಡುತ್ತಿದ್ದರು.

ಹೆಸರಿನ ಈ ಗಂಟು ಬಿಚ್ಚಿದ್ದಕ್ಕೇ ನಾನು ತೃಪ್ತನಾಗಿ ಬರಹ ಮುಗಿಸುತ್ತಿದ್ದೆ. ಆದರೆ ಇನ್ನೆರಡು ಕಾರಣ ಉಳಿದಿದ್ದವು. ಒಂದು, ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಆಮೇಲೆ ಸಂತೆಯಲ್ಲಿ, ಮಸೀದಿಯಲ್ಲಿ ಅವರನ್ನು ಕೂರಿಸಿಕೊಂಡು ಮಾತಾಡಬೇಕಾಯಿತು. ಇನ್ನೊಂದು ಕಾರಣವನ್ನು ಓದಿ, ಈ ಕಥೆಯಿದ್ದ ಪುಸ್ತಕವನ್ನು ಕೆಳಗಿಟ್ಟೆ. ಊರೂರು ತಿರುಗಿ ಉಪ್ಪು-ಬೆಲ್ಲದ ನೀರು ಕಲಿಸುತ್ತಿದ್ದವರಲ್ಲೇ ಎಷ್ಟೋ ಜನಕ್ಕೆ ಅದರಲ್ಲಿ ನಂಬಿಕೆ ಇರಲಿಲ್ಲ. ತಮಗೆ ಹೊಟ್ಟೆ ಕೆಟ್ಟರೆ ಮಾತ್ರೆ ನುಂಗುತ್ತಿದ್ದರು. ತಾಯಂದಿರು ಅದನ್ನು ನೋಡದೆ ಇರುತ್ತಾರೆಯೆ? ಕೊನೆಗೆ ಕಲಿಸುವವರನ್ನೇ ಆಸ್ಪತ್ರೆಗೆ ಕರೆದೊಯ್ದು, ಈ ನೀರನ್ನೇ ಕುಡಿದು ರೋಗಿಗಳು ಎದ್ದು ಕೂರುವುದನ್ನು ಕಣ್ಣಾರೆ ತೋರಿಸಬೇಕಾಯಿತು.

ಹೋದ ವರ್ಷ ಒಂದು ಮದುವೆಯೂಟದ ಮಾರನೆಯ ದಿನ ನನಗೂ ಭೇದಿ ಹತ್ತಿಕೊಂಡಿತ್ತು. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಡ್ರಿಪ್ ಬಾಟಲಿ ಮುಗಿದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಕಲಸಿದ ನೀರನ್ನೇ ಕಾಲರಾ ರೋಗಿಗಳಿಗೆ ಕುಡಿಸಿ ಉಳಿಸಿದ ಕಥೆಯನ್ನು ನಾನು ಅದಕ್ಕೂ ಮೊದಲೇ ಇದೇ ಅಂಕಣದಲ್ಲಿ ಬಾಯಿ ಚಪ್ಪರಿಸಿ ಬರೆದಿದ್ದೆ. ಎದ್ದು ಓಡಾಡುವಷ್ಟು ತ್ರಾಣವೂ ಇತ್ತು. 'ಓಆರ್‌ಎಸ್ ಕಲಸಿ ಕೊಡ್ಲಾ?' ಎಂದು ಮನೆಯಾಕೆ ಕೇಳಿದಾಗ, 'ಅದರಿಂದೆಲ್ಲ ಆಗಲ್ಲ, ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸ್ಕೊಂಡು ಬರ್ತೀನಿ' ಎಂದು ಆಟೋ ಹತ್ತಿದ್ದೆ.

ಭಾನುವಾರ ಮನೆಗೆ ಬಂದು ನಮ್ಮ ಹಿತ್ತಾಳೆ ಚೊಂಬನ್ನು ಅಳೆದೆ. ಒಂದೂಕಾಲು ಲೀಟರು. ಅಜ್ಜಿಯ ಮನೆಯದು ಎಷ್ಟು ಹಿಡಿಯುತ್ತದೋ. ನಾನು ಅವರ ಹಿಂದೆಯೇ ನಿಂತಿದ್ದೆ. ಹಾಲಿನ ಪ್ಯಾಕೆಟ್ಟಿನ ಲೆಕ್ಕ ಆಗಲೇ ನನ್ನ ತಲೆಯಲ್ಲಿತ್ತು.